ಮುತ್ಯಾಲಮ್ಮನ ಕೊಸರು

ಮುತ್ಯಾಲಮ್ಮನ ವಿಷಯ ಬರೆದರೆ ನನ್ನ ಗಂಡನ ಮಾನ ಸ್ವಲ್ಪ ಹೋಗುತ್ತದೆ. ಹೋಗಲಿ. ಬರೆದಿದ್ದನ್ನು ಅವರಿಗೇ ಓದಿ ಹೇಳಿದ್ದೇನೆ. ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡು, "ನಡೆದಿದ್ದು ಹಾಗೇ, ಬಿಡು ಗೋದಾ" ಅಂದರು.

ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಗೋಣಿಚೀಲದ ಮೇಲೆ ತರಕಾರಿ ಹರಡಿ ಕೂರುತ್ತಿದ್ದವಳು ಮುತ್ಯಾಲಮ್ಮ. ಮನೆ ಮಾವಳ್ಳಿ. ಅವಳಿಗಿಂತ ಮೊದಲು ಅದೇ ಜಾಗದಲ್ಲಿ ಅವಳ ತಾಯಿ ಕಾವೇರಮ್ಮ ಕೂರುತ್ತಿದ್ದಳು. ಮೂರನೇ ಕ್ಲಾಸಿಗೇ ಮಗಳ ಶಾಲೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡಳಂತೆ. ಮುಂದೆ ಗಂಡ ಮುನಿರಾಜ್ ತೀರಿಕೊಂಡಾಗ, ತಿಥಿ ಮುಗಿದ ಮಾರನೇ ದಿನವೇ ಮುತ್ಯಾಲಮ್ಮ ತಕ್ಕಡಿ ಹಿಡಿದು ಬಂದು ಕೂತಿದ್ದಳು. ಬಾಯಿ ಮಾತ್ರ ಬಲು ಜೋರು. ಬೆಂಡೆಕಾಯಿಯ ತುದಿ ಮುರಿದು ನೋಡುವವರನ್ನು ಕಂಡರೆ, "ಮುರಿದಿದ್ದೆಲ್ಲ ನಿಮಗೇ ತೂಗ್ತೀನಿ, ಮುರೀರಿ" ಅನ್ನುವಳು. ಕೊಸರಿಗೆ ಮಾತ್ರ ಎಂದೂ ಕೈ ಹಿಂದೆಗೆದವಳಲ್ಲ. ತೂಕ ಮುಗಿದ ಮೇಲೆ ಒಂದು ಹಿಡಿ ಕರಿಬೇವು, ನಾಲ್ಕು ಎಳೆ ಕೊತ್ತಂಬರಿ ಬ್ಯಾಗಿಗೆ ಬಿಟ್ಟಿಯಾಗಿ ಬೀಳಲೇಬೇಕು. ಇಪ್ಪತ್ತು ವರ್ಷ ನಾನೂ ನಾಚಿಕೆಯಿಲ್ಲದೆ ಬ್ಯಾಗು ಅಗಲಿಸಿ ಹಿಡಿದಿದ್ದೇನೆ.

ಅವಳ ಒಬ್ಬಳೇ ಮಗಳು ತೇಜಸ್ವಿನಿ. ೨೦೦೧ರಲ್ಲಿ ನಮ್ಮ ಕಡೆಯ ಸರ್ಕಾರಿ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದಳು. ಅದೇ ಕಾಲೇಜಿನ ಆಫೀಸಿನಲ್ಲಿ ನಾನು ಕ್ಲಾರ್ಕ್. ಫೀಸು ಕಟ್ಟಿಸಿಕೊಳ್ಳುವ ಕಿಟಕಿ ನನ್ನದು. ಆಗಿನ ಫೀಸು ಹೆಸರಿಗಷ್ಟೇ, ಉಳಿದ ಖರ್ಚೆಲ್ಲ ಸರ್ಕಾರದ್ದು. ಆ ವರ್ಷ ಕಾಲೇಜಿನ ಅಭಿವೃದ್ಧಿ ಸಮಿತಿಯವರಿಗೆ ಹೊಸ ಯೋಚನೆ ಹೊಳೆಯಿತು. ಮುಂದಿನ ಜೂನ್‌ನಿಂದ ತಲೆಗೆ ಮೂರು ಸಾವಿರ ಕಟ್ಟಬೇಕು, ಕಟ್ಟದವರಿಗೆ ಸೀಟಿಲ್ಲ. ಸಮಿತಿಯ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಬ್ಯಾಂಕಿನಿಂದ ಅವಧಿಗೆ ಮುಂಚೆಯೇ ರಿಟೈರಾಗಿದ್ದ ನಮ್ಮ ಯಜಮಾನರು, ವರದರಾಜ.

"ಇವರನ್ನೆಲ್ಲ ಓದಿಸೋದು ನಮ್ಮ ಟ್ಯಾಕ್ಸ್ ದುಡ್ಡಲ್ಲಿ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ" ಅಂದರು ಊಟಕ್ಕೆ ಕೂತಾಗ.

"ನೀವು ಓದಿದ್ದು ಎಲ್ಲಿ?" ಅಂದೆ.

"ಆ ಕಾಲ ಬೇರೆ."

ಆ ಕಾಲ ಬೇರೆ ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವತ್ತು ಮಜ್ಜಿಗೆ ಬಡಿಸದೆ ಎದ್ದುಬಿಟ್ಟೆ.

ಮಾರನೇ ಬೆಳಿಗ್ಗೆ ಇಬ್ಬರೂ ತರಕಾರಿಗೆ ಹೋದೆವು. ಸುದ್ದಿ ಮುತ್ಯಾಲಮ್ಮನಿಗೆ ಆಗಲೇ ಮುಟ್ಟಿತ್ತು. "ಮೂರು ಸಾವಿರ ಎಲ್ಲಿಂದ ತರಲಿ ಸಾರ್? ಇನ್ನೊಂದೇ ವರ್ಷ ಇದೆ. ಮಗು ಓದು ನಿಂತೋಗತ್ತೆ" ಅಂದಳು. ಇವರು ಟ್ಯಾಕ್ಸಿನ ಪುರಾಣವನ್ನು ಮೊದಲಿಂದ ಕೊನೆವರೆಗೆ ಒಪ್ಪಿಸಿದರು, ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ಅನ್ನುವುದನ್ನೂ ಸೇರಿಸಿ. ಅದೇ ಉಸಿರಿನಲ್ಲಿ ಬ್ಯಾಗು ಮುಂದೆ ಹಿಡಿದು, "ಕರಿಬೇವು ಹಾಕಮ್ಮ" ಅಂದರು.

ಕರಿಬೇವಿನ ಕಡೆ ಹೋಗಿದ್ದ ಅವಳ ಕೈ ಅಲ್ಲೇ ನಿಂತಿತು.

"ಎಂಟಾಣೆ."

"ಏನು?"

"ಕರಿಬೇವಿಗೆ ಎಂಟಾಣೆ ಸಾರ್. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ಅಂತ ಈಗ ತಾನೇ ಅಂದ್ರಲ್ಲ."

ನಾನು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೆ. ಇವರು ಕರಿಬೇವಿಲ್ಲದೆ ಸರಸರನೆ ಮನೆಗೆ ನಡೆದರು. ಮಾರನೇ ದಿನ ನೋಡಿದರೆ ನಿಂಬೆಹಣ್ಣಿನ ಆಂಜಿನಯ್ಯನಿಂದ ಹಿಡಿದು ಆ ಸಾಲಿಗೆ ಸಾಲೇ ಕೊಸರು ನಿಲ್ಲಿಸಿತ್ತು. ಬಸವನಗುಡಿಯಲ್ಲಿ ಗುಲ್ಲೋ ಗುಲ್ಲು. ಮೂರು ಸಾವಿರದ ವಿಷಯಕ್ಕೆ ತುಟಿ ಬಿಚ್ಚದಿದ್ದ ಜನ ಎಂಟಾಣೆಗೆ ಬೀದಿಯಲ್ಲಿ ನಿಂತು ನ್ಯಾಯ ಮಾತಾಡಿದರು. ನಮ್ಮ ಮನೆಯಲ್ಲಿ ಒಂದು ವಾರ ಸಾರಿಗೆ ಬರೀ ಸಾಸಿವೆ ಒಗ್ಗರಣೆ. ದುಡ್ಡು ಕೊಟ್ಟು ತರಬಹುದಿತ್ತು, ಬೇಕೆಂದೇ ತರಲಿಲ್ಲ.

ಭಾನುವಾರ ಕಾಲೇಜಿನ ಹಾಲಿನಲ್ಲಿ ಸಮಿತಿಯ ಸಭೆ, ಪೋಷಕರಿಗೂ ಕರೆ. ಮೇಜಿನ ಮೇಲೆ ನಿರ್ಣಯದ ಕಾಗದ ಟೈಪಾಗಿ ಸಿದ್ಧವಾಗಿತ್ತು, ಇವರ ಸಹಿಯೊಂದು ಬಾಕಿ. ತೆರಿಗೆದಾರರ ಹಣ, ತೆರಿಗೆದಾರರ ಹಣ ಎಂದು ಇವರು ಹತ್ತು ನಿಮಿಷ ಮಾತಾಡಿದರು. ಹಿಂದಿನ ಸಾಲಿನಲ್ಲಿ ಮುತ್ಯಾಲಮ್ಮ ಎದ್ದು ನಿಂತಳು. "ಬೇಡಮ್ಮಾ, ಕೂತ್ಕೊ" ಎಂದು ತೇಜಸ್ವಿನಿ ಸೆರಗು ಜಗ್ಗುತ್ತಿದ್ದಳು.

"ಟ್ಯಾಕ್ಸು ನಾನೂ ಕಟ್ತೀನಿ ಸಾರ್" ಅಂದಳು. "ಕೂತ ಜಾಗಕ್ಕೆ ದಿನಾ ಸುಂಕ. ವ್ಯಾಪಾರ ಆಗ್ಲಿ ಬಿಡ್ಲಿ, ಚೀಟಿ ಹರಿದು ಕೈಗಿಟ್ಟೇ ಹೋಗ್ತಾರೆ. ಸೋಪು, ಬೆಂಕಿಪೊಟ್ಣ, ಚಪ್ಲಿ, ಎಲ್ಲದ್ರಲ್ಲೂ ಮೊದ್ಲೇ ಹಿಡ್ಕೊಂಡಿರ್ತಾರಂತೆ, ನನ್ನ ಮಗಳು ಹೇಳಿದ್ಲು. ಓದಿದ್ದಕ್ಕೆ ಅಷ್ಟಾದ್ರೂ ಗೊತ್ತಾಯ್ತು."

ಯಾರೋ ನಕ್ಕರು. ಅವಳು ನಗಲಿಲ್ಲ.

"ನೀವು ಕಾಲೇಜಿಗೆ ಸೇರಿದ್ದು ಯಾವ ವರ್ಷ ಸಾರ್?"

"ಅರವತ್ತೆರಡು" ಅಂದರು ಇವರು, ಮೆಲ್ಲಗೆ.

"ನನ್ನ ಶಾಲೆ ಬಿಡಿಸಿದ ವರ್ಷ. ನಮ್ಮಮ್ಮನ ಪಕ್ಕ ಕೂತಿದ್ದೆ. ನಿಮ್ಮ ತಾಯಿ ಸೊಪ್ಪಿಗೆ ಬಂದೋರು, ನಮ್ಮ ಹುಡುಗ ಸರ್ಕಾರಿ ಕಾಲೇಜಿಗೆ ಸೇರಿದ ಅಂದ್ರು. ನಮ್ಮಮ್ಮ ಒಂದು ಹಿಡಿ ಜಾಸ್ತಿ ಹಾಕಿ, ಚೆನ್ನಾಗಿ ಓದ್ಲಿ ಬಿಡಿ ಅಂದ್ಲು. ಅವತ್ತೂ ಸುಂಕ ಕಟ್ಟಿದ್ಲು ಸಾರ್. ನನ್ನ ಮಗಳು ಇಲ್ಲಿ ಕೂತಿರೋವಾಗ ಇವರ ಮಗ ನನ್ನ ದುಡ್ಡಲ್ಲಿ ಯಾಕೆ ಓದ್ಬೇಕು ಅಂತ ಕೇಳ್ಲಿಲ್ಲ."

ನನಗೆ ಕಣ್ಣು ತುಂಬಿ ಬಂತು, ಹೆಮ್ಮೆಯೂ ಆಯಿತು, ಗಂಡನ ಮೇಲೆ ಕನಿಕರವೂ. ಅಧ್ಯಕ್ಷರು ಕಾಗದವನ್ನು ಇವರ ಕಡೆ ತಳ್ಳಿದರು. ಇವರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

"ನಾನು ಹಾಕಲ್ಲ. ಬೇರೆಯವರನ್ನ ನೋಡ್ಕೊಳ್ಳಿ."

ಬೇರೆ ಯಾರೂ ಮುಂದೆ ಬರಲಿಲ್ಲ. ಜೂನ್‌ನಲ್ಲಿ ತೇಜಸ್ವಿನಿ ಹಳೆಯ ಫೀಸನ್ನೇ ನನ್ನ ಕಿಟಕಿಯಲ್ಲಿ ಕಟ್ಟಿ ಮೂರನೇ ವರ್ಷಕ್ಕೆ ಸೇರಿದಳು.

ಸಭೆಯ ಮಾರನೇ ಬೆಳಿಗ್ಗೆ ಇವರು ತರಕಾರಿ ತೂಗಿಸಿಕೊಂಡು, ಏನೂ ಕೇಳದೆ, ಎಂಟಾಣೆಯ ನಾಣ್ಯವೊಂದನ್ನು ಗೋಣಿಯ ಮೇಲಿಟ್ಟರು. ಮುತ್ಯಾಲಮ್ಮ ಅದನ್ನು ನೋಡಿದಳು. ಎರಡು ಹಿಡಿ ಕರಿಬೇವು ತೆಗೆದು ಬ್ಯಾಗಿಗೆ ತುರುಕಿ, ನಾಣ್ಯವನ್ನು ವಾಪಸ್ಸು ತಳ್ಳಿದಳು.

"ತಗೊಳ್ಳಿ ಸಾರ್. ನಿಮ್ಮನ್ನ ಓದಿಸಿದ್ದಕ್ಕೇ ಇಸ್ಕೊಳ್ಲಿಲ್ಲ, ಕರಿಬೇವಿಗೆ ಇಸ್ಕೊಳ್ತೀವಾ?"