ಎತ್ತು ತಿನ್ನಲಾರದ ಹಿಂಡಿ

ನಿಜಾಮರ ಕಾಲದಾಗ ಕುಷ್ಟಗಿಯಾಗ ನಮ್ಮದು ಎಣ್ಣಿ ಗಾಣ. ಹರಳು ಅಂತಾರಲ್ಲ, ಆ ಔಡಲದ ಎಣ್ಣಿ ತೆಗೆದು ಉಳಿದ ಹಿಂಡಿ ಯಾರಿಗೂ ಬೇಡಾಗಿ ಅಂಗಳದಾಗ ಬಿದ್ದಿತ್ತು. ಎಣ್ಣಿಗೆ ಬಂದ ಯಲಬುರ್ಗಿ ಕಡಿ ಗೌಡರೊಬ್ಬರ ಎತ್ತು ಅದಕ್ಕ ಬಾಯಿ ಹಾಕ್ತು. ಓಡಿಹೋಗಿ ಮೂತಿಗೆ ಬಡಿಗಿಲೆ ಒಂದು ಕೊಟ್ಟೆ.

“ನನ್ನ ಎತ್ತಿಗೆ ಹೊಡೀತಿಯೇನಲೇ?”

“ತಿಂದ್ರ ಸಾಯ್ತೈತ್ರಿ ಗೌಡ್ರ. ಇದು ಹೊಲಕ್ಕ ಹಾಕೂ ಗೊಬ್ಬರ.”

“ಎತ್ತು ತಿನ್ನಲಾರದ್ದನ್ನ ಹೊಲ ತಿಂತೈತೇನು?” ಅಂತ ನಕ್ರು.

ಸಿಟ್ಟಿಲೆ ಎರಡು ಚೀಲ ಪುಕ್ಕಟೆ ಬಂಡಿಗೆ ಒಗೆದೆ. “ಮೆಣಸಿನ ಗಿಡಕ್ಕ ಹಾಕ್ರಿ, ಆಮ್ಯಾಲ ನಗ್ರಿ.”

ಸುಗ್ಗಿ ಮುಗಿದ ಮ್ಯಾಲ ಅದೇ ಬಂಡಿ ಬಂತು. ಗೌಡ್ರು ಒಂದು ಬುಟ್ಟಿ ಕೆಂಪು ಮೆಣಸಿನಕಾಯಿ ನನ್ನ ಮುಂದ ಸುರುವಿದ್ರು.

“ಹೊಲ ತಿಂತಪಾ! ನಮ್ಮೂರಿಗೆಲ್ಲಾ ಬೇಕಂತ, ಇದ್ದಷ್ಟೂ ಹೇರು.”

ಗೌಡ್ರು ಆ ಹೊಡೆತ ಮರೆತಿದ್ರು. ಎತ್ತು ಮರೆತಿರಲಿಲ್ಲ. ಹಿಂಡಿ ಹೇರಿ ಮುಗಿಸೂ ತನಕಾ ಅದರ ಕೊಂಬು ನನ್ನ ಕಡೇನ ಇತ್ತು.