ಕಾರಣ ಬರೆಯದ ಕೆಂಪು ಟ್ಯಾಗ್

ಆ ಕಾದಂಬರಿಗೆ ಕೆಂಪು ಟ್ಯಾಗ್ ಕಟ್ಟಿದವಳು ನಾನೇ.

ತೊಂಬತ್ತರ ದಶಕ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಕ್ಯಾಂಟೀನ್ ಪಕ್ಕದ ಕಬ್ಬಿಣದ ಬೀರುವೇ ನಮ್ಮ ಕನ್ನಡ ಸಂಘದ ಲೈಬ್ರರಿ. ಅದಕ್ಕೆ ಯಾರೋ ಹದಿಹರೆಯದವರ ಕಾದಂಬರಿಗಳನ್ನು ದಾನ ಕೊಟ್ಟಿದ್ದರು.

ಚಿಕ್ಕ ಮಕ್ಕಳೂ ಅವನ್ನು ಓದುತ್ತಿದ್ದಾರೆ ಎಂದು ಗೊಣಗಾಟ ಶುರುವಾಯಿತು. ಸಂಘದ ಕಾರ್ಯದರ್ಶಿ ಮನೆಗಳಿಗೆ ಹೋಗಿದ್ದ ಪುಸ್ತಕಗಳನ್ನೂ ವಾಪಸ್ ತರಿಸಿ ನನ್ನ ಟೇಬಲ್ ಮೇಲೆ ಪೇರಿಸಿದರು. "ದಿನಾ ಪಾಸು ಫೇಲು ಮಾಡ್ತೀರಲ್ಲ ಮೇಡಂ, ಇದನ್ನೂ ಸ್ವಲ್ಪ ನೋಡ್ಬಿಡಿ."

ನನಗೂ ಒಳಗೊಳಗೇ ಜಂಬ. ಊಟದ ಬಿಡುವಿನಲ್ಲಿ ಕೂತು, ಸರಿಯಿದ್ದದ್ದಕ್ಕೆ ಹಸಿರು ಟ್ಯಾಗ್, ಬೇಡವಾದದ್ದಕ್ಕೆ ಕೆಂಪು ಟ್ಯಾಗ್ ಕಟ್ಟುತ್ತಾ ಹೋದೆ.

ನಮ್ಮಲ್ಲಿ ಒಂದು ಪದ್ಧತಿ. ತೆಗೆದ ಸ್ಯಾಂಪಲ್‌ನಲ್ಲಿ ಒಂದು ಪೀಸ್ ಫೇಲಾದರೂ ಇಡೀ ಲಾಟ್ ರಿಜೆಕ್ಟ್. ಉಳಿದದ್ದನ್ನು ನೋಡುವ ಕೆಲಸವೇ ಇಲ್ಲ.

ಪುಸ್ತಕಕ್ಕೂ ಹಾಗೇ ಮಾಡಿದೆ... ಆ ಕಾದಂಬರಿಯ ನಡುವೆ ಹುಡುಗಿ ಶಾಲೆಯಿಂದ ಬರುವಾಗ ಲಂಗದ ಮೇಲೆ ರಕ್ತ ಕಂಡು ಗಾಬರಿಯಾಗುತ್ತಾಳೆ. ಅಷ್ಟು ಓದಿ ಮುಚ್ಚಿಟ್ಟೆ. ಟ್ಯಾಗ್ ಮೇಲೆ 'ಹದಿನಾರರ ನಂತರ' ಎಂದು ಬರೆದು ಸಹಿ ಹಾಕಿದೆ. ಕಾರಣ ಬರೆಯುವ ಜಾಗ ಖಾಲಿ ಬಿಟ್ಟೆ. ಗಂಡಸರೇ ತುಂಬಿದ ಕ್ಯಾಂಟೀನಿನಲ್ಲಿ ಅದನ್ನು ಬರೆಯುವುದು ಹೇಗೆ?

ಒಂದು ವಾರ ಕಳೆದಿರಬೇಕು. ಲೇತ್ ಆಪರೇಟರ್ ಮಲ್ಲಪ್ಪ ಆ ಪುಸ್ತಕ ಹಿಡಿದು ನನ್ನ ಟೇಬಲ್ ಮುಂದೆ ನಿಂತರು. ಗದಗ ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಗೀತಾಳನ್ನು ಕರೆತಂದು ಹತ್ತಿರದಲ್ಲೇ ಬಾಡಿಗೆ ರೂಮಿನಲ್ಲಿದ್ದರು. ಮಗುವಿಗೆ ಹನ್ನೆರಡು ವರ್ಷ.

"ಇದನ್ನ ಯಾಕ ರಿಜೆಕ್ಟ್ ಮಾಡೀರಿ ಮೇಡಂ? ಕಾರಣ ಬರದಿಲ್ಲಲ್ಲ."

ಎಷ್ಟೋ ಸಲ ಅವರ ಪೀಸುಗಳಿಗೆ ನಾನು ಕೆಂಪು ಟ್ಯಾಗ್ ಕಟ್ಟಿದ್ದೆ. ಕಾರಣ ಬರೆಯದೆ ಕಟ್ಟಿದರೆ ಆಪರೇಟರ್ ಒಪ್ಪಬೇಕಾಗಿಲ್ಲ, ಅದೂ ನಮ್ಮ ಪದ್ಧತಿಯೇ. ಅವರು ಕೇಳಿದ್ದು ನ್ಯಾಯವಾಗಿತ್ತು. ನಾನು ತಲೆ ತಗ್ಗಿಸಿ ಏನೋ ತಡಬಡಾಯಿಸಿದೆ.

"ಹೋಗಲಿ ಬಿಡ್ರಿ. ನನಗ ಓದಾಕ ಅಷ್ಟಾಗಿ ಬರಂಗಿಲ್ಲ. ಆ ಹುಡುಗಿ ಕಡೀಗೆ ಬದುಕ್ತಾಳೋ ಸಾಯ್ತಾಳೋ, ಅಷ್ಟ ಹೇಳ್ರಿ. ನಮ್ಮ ಗೀತಾ ಅರ್ಧ ಓದಿದ್ಲು, ನೀವು ವಾಪಸ್ ತರಿಸಿದ್ರಿ. ಎರಡು ದಿನದಿಂದ ಅದನ್ನೇ ಕೇಳಾಕತ್ತಾಳ."

ನನಗೆ ಗೊತ್ತಿರಲಿಲ್ಲ. ನಾನೂ ಅರ್ಧವೇ ಓದಿದ್ದೆ.

ಗೀತಾ ಚೆನ್ನಾಗಿದ್ದಾಳಾ ಎಂದು ಕೇಳಿದೆ.

"ಸಾಲಿಗೆ ಹೋಗವಲ್ಲಳು. ಹೊಟ್ಟಿ ನೋವು ಅಂತಾಳ, ಮೂಲ್ಯಾಗ ಕುಂತು ಅಳ್ತಾಳ. ದವಾಖಾನಿಗೆ ಬಾ ಅಂದ್ರ ಬರಂಗಿಲ್ಲ. ಏನಂತ ತಿಳಿವಲ್ದು ಮೇಡಂ."

ಅವರಿಗೆ ತಿಳಿದಿರಲಿಲ್ಲ, ನನಗೆ ತಿಳಿಯಿತು. ಸೂಪರ್‌ವೈಸರ್‌ಗೆ ಅರ್ಧ ದಿನ ರಜೆ ಬರೆದುಕೊಟ್ಟು ಮಲ್ಲಪ್ಪನವರ ಜೊತೆ ಹೊರಟೆ. ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಬೇಕಾದದ್ದನ್ನು ಕೊಂಡೆ. ಅವರು ಕಾಗದದಲ್ಲಿ ಸುತ್ತಿದ ಪೊಟ್ಟಣ ನೋಡಿ ಮುಂದೆ ನಡೆದರು.

ರೂಮಿನ ಹೊರಗೆ ಅವರನ್ನು ನಿಲ್ಲಿಸಿ ನಾನೊಬ್ಬಳೇ ಒಳಗೆ ಹೋದೆ.

ಗೀತಾ ಗೋಡೆಗೆ ಒರಗಿ ಕೂತಿದ್ದಾಳೆ. ಪಕ್ಕದಲ್ಲಿ ಒಗೆದು ಹಿಂಡಿದ ಒಂದು ಲಂಗ, ಕಲೆ ಪೂರ್ತಿ ಹೋಗಿಲ್ಲ. ನಾನು ಹತ್ತಿರ ಕೂತು ನಿಧಾನವಾಗಿ ಎಲ್ಲ ಹೇಳುತ್ತೇನೆ. ನನಗೂ ಆಗಿತ್ತು, ಎಲ್ಲ ಹೆಣ್ಣುಮಕ್ಕಳಿಗೂ ಆಗುತ್ತದೆ, ಅದು ಕಾಯಿಲೆಯಲ್ಲ ಎನ್ನುತ್ತೇನೆ.

ಅವಳು ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಆಮೇಲೆ ಬಾಗಿಲ ಕಡೆ ನೋಡಿ, ಅಪ್ಪನಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು.

"ಹಂಗಾದ್ರ ನಾ ಸಾಯಂಗಿಲ್ಲಲ್ಲ ಅಕ್ಕಾ?"

ನಾಚಿಕೆಯಾಯಿತು. ಇಂದಿಗೂ ಆಗುತ್ತದೆ.

ಒಂದು ಪುಸ್ತಕಕ್ಕೆ ಮಗು ಇನ್ನೂ ಚಿಕ್ಕದು ಎಂದು ತೀರ್ಮಾನಿಸುವ ಮುಂಚೆ ನೀವು ಯಾರನ್ನು ಕೇಳುತ್ತೀರಿ?