ಮೂರು ಕಚೇರಿ, ಒಂದು ಕಾಫಿ ಯಂತ್ರ

ಕೋವಿಡ್ ಮುಗಿದು ಕಚೇರಿಗಳು ಮತ್ತೆ ತುಂಬಿದ ವರ್ಷ ಅದು. ವಡೋದರಾದ ಮಕರ್‌ಪುರಾದಲ್ಲಿ ಕೈಗಾರಿಕಾ ವಾಲ್ವ್‌ಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ನಾನು ಪರ್ಚೇಸ್ ಮ್ಯಾನೇಜರ್ ಆಗಿದ್ದೆ. ಬ್ಯಾಂಕಿನಲ್ಲಿದ್ದ ನನ್ನ ಪತಿಗೆ ವರ್ಗವಾಗಿ ದಾವಣಗೆರೆಯಿಂದ ಬಂದು ಮಂಜಲ್‌ಪುರದಲ್ಲಿ ಮನೆ ಮಾಡಿದವರು ನಾವು. ಅವರಿಗೆ ಮತ್ತೆ ವರ್ಗವಾದರೂ ನಾನು ಈ ಕೆಲಸ ಬಿಡಲಿಲ್ಲ. ಎರಕದ ಕಬ್ಬಿಣದಿಂದ ಹಿಡಿದು ಕಸದ ಬುಟ್ಟಿಯವರೆಗೆ ಕಂಪನಿಗೆ ಬರುವ ಪ್ರತಿಯೊಂದು ವಸ್ತುವೂ ನನ್ನ ಸಹಿ ದಾಟಿ ಬರಬೇಕಿತ್ತು. ಊರಿನಲ್ಲಿ ಗೀತಾ ಆಗಿದ್ದ ನಾನು ಇಲ್ಲಿ ಎಲ್ಲರಿಗೂ ಗೀತಾಬೆನ್, ಅಂದರೆ ಗೀತಕ್ಕ, ಆಗಿದ್ದೆ.

ಒಂದು ಸೋಮವಾರ ಮಾಲೀಕರ ಮಗ ನೀರವ್‌ಭಾಯ್ ಅವರಿಂದ ಒಂದು ಪ್ರಸ್ತಾವ ಬಂತು. ವಡೋದರಾದ ಮುಖ್ಯ ಕಚೇರಿ, ಸೂರತ್ತಿನ ವರಾಛಾ ಶಾಖೆ, ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಹೊಸದಾಗಿ ತೆರೆದ ಕಚೇರಿ, ಈ ಮೂರಕ್ಕೂ ಒಂದೊಂದು ಕ್ಯಾಪ್ಸೂಲ್ ಕಾಫಿ ಯಂತ್ರ ಕೊಳ್ಳಬೇಕು ಎಂಬುದು ಅದರ ಸಾರ. ಒಂದು ಸಲಕ್ಕೆ ಒಂದೇ ಕಪ್ ಕಾಫಿ ಕೊಡುವ ಯಂತ್ರ ಅದು. ಕಾಫಿಪುಡಿ ತುಂಬಿದ ಪುಟ್ಟ ಡಬ್ಬಿಯನ್ನು ಒಳಗಿಟ್ಟು ಗುಂಡಿ ಒತ್ತಿದರೆ ಒಂದು ನಿಮಿಷದಲ್ಲಿ ಕಪ್ ತುಂಬುತ್ತದೆ, ಖಾಲಿ ಡಬ್ಬಿ ಕಸಕ್ಕೆ ಹೋಗುತ್ತದೆ. ಯಂತ್ರದ ಬೆಲೆ ಹದಿನೆಂಟು ಸಾವಿರ ರೂಪಾಯಿ. ಒಂದು ಕ್ಯಾಪ್ಸೂಲಿಗೆ ನಲವತ್ತೈದು.

"ನೀವು ಕಾಫಿ ನಾಡಿನವರು ಗೀತಾಬೆನ್. ಈ ಫೈಲಿಗೆ ನಿಮ್ಮ ಸಹಿ ಎಲ್ಲಕ್ಕಿಂತ ಬೇಗ ಬೀಳುತ್ತೆ ಅಂತ ಗೊತ್ತು," ಎಂದರು ನೀರವ್‌ಭಾಯ್ ಫೋನಿನಲ್ಲಿ ನಗುತ್ತಾ.

ಬೀಳಬಹುದಿತ್ತು. ಚಹಾದ ಊರಿನಲ್ಲಿ ಇಷ್ಟು ವರ್ಷ ಕಳೆದರೂ ನನ್ನ ನಾಲಿಗೆ ಬದಲಾಗಿರಲಿಲ್ಲ. ಆದರೆ ಪ್ರಸ್ತಾವದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು: ವಡೋದರಾದ ಪ್ಯಾಂಟ್ರಿ ಗುತ್ತಿಗೆಯನ್ನು ಮಾರ್ಚ್ ನಂತರ ಮುಂದುವರಿಸುವ ಅಗತ್ಯವಿಲ್ಲ.

ಪ್ಯಾಂಟ್ರಿ ಎಂದರೆ ಕೋಕಿಲಾಬೆನ್. ಹದಿನಾಲ್ಕು ವರ್ಷಗಳಿಂದ ನೂರಹತ್ತು ಜನರಿಗೆ ಬೆಳಿಗ್ಗೆ ಹತ್ತೂವರೆಗೆ ಮತ್ತು ಮಧ್ಯಾಹ್ನ ಮೂರೂವರೆಗೆ ಚಹಾ ಕುದಿಸುತ್ತಿದ್ದ ಐವತ್ತೆರಡರ ಹೆಂಗಸು. ಹೆಚ್ಚು ಮಾತನಾಡುವವರಲ್ಲ. ಯಾರಿಗೆ ಸಕ್ಕರೆ ಕಡಿಮೆ, ಯಾರಿಗೆ ಶುಂಠಿ ಹೆಚ್ಚು ಎಂಬುದು ಮಾತ್ರ ಅವರಿಗೆ ಬಾಯಿಪಾಠ.

ನಾನು ಸಹಿ ಮಾಡಲಿಲ್ಲ. ಮೂರೂ ಕಚೇರಿಗಳಲ್ಲಿ ಮೊದಲು ಯಂತ್ರವನ್ನು ಪ್ರಯೋಗಕ್ಕೆ ಇಡಬೇಕು ಎಂದು ಬರೆದು ಕಳಿಸಿದೆ. ಮಾರಾಟಗಾರ ಒಂದು ವಾರಕ್ಕೆ ಒಪ್ಪಿದ. ನಾನು ಮೂರು ವಾರ ಬೇಕೆಂದು ಹಟ ಹಿಡಿದೆ. ಅದಕ್ಕೆ ಕಾರಣವಿತ್ತು. ಕಚೇರಿಗೆ ಯಾವ ಹೊಸ ವಸ್ತು ಬಂದರೂ ಮೊದಲ ವಾರ ಎಲ್ಲರೂ ಅದನ್ನು ಮುಟ್ಟಿ ನೋಡುತ್ತಾರೆ, ಎರಡನೇ ವಾರ ಇಷ್ಟಪಟ್ಟವರು ಬಳಸುತ್ತಾರೆ. ಮೂರನೇ ವಾರ ಅದರ ಹತ್ತಿರ ಹೋಗುವವರು ಬೇಕಾದವರು ಮಾತ್ರ. ಮಾರಾಟಗಾರರು ತೋರಿಸುವ ಲೆಕ್ಕ ಯಾವಾಗಲೂ ಮೊದಲ ವಾರದ್ದು.

ವಡೋದರಾದಲ್ಲಿ ಹಾಗೆಯೇ ಆಯಿತು. ಮೊದಲ ವಾರ ದಿನಕ್ಕೆ ಮೂವತ್ತೆಂಟು ಕಪ್. ಲೇತ್ ವಿಭಾಗದ ರಮಣ್‌ಭಾಯ್ ಕೂಡ ಕೈಯ ಗ್ರೀಸ್ ಒರೆಸಿಕೊಂಡು ಬಂದು ಒಂದು ಗುಟುಕು ಕುಡಿದು, "ಬೆನ್, ಇದು ಕಾಯಿಲೆ ಬಿದ್ದವರಿಗೆ ಕೊಡೋದಾ?" ಎಂದು ಮುಖ ಹಿಂಡಿದರು. ಎರಡನೇ ವಾರ ಇಪ್ಪತ್ತು ಕಪ್ಪಿಗೆ ಇಳಿಯಿತು. ಮೂರನೇ ವಾರ ಹನ್ನೊಂದು. ಆ ಹನ್ನೊಂದರಲ್ಲಿ ಎರಡು ನನ್ನವೇ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ನಮ್ಮಲ್ಲಿ ಚಹಾ ವಿರಾಮ ಹದಿನೈದು ನಿಮಿಷ. ನಿಮಿಷಕ್ಕೊಂದು ಕಪ್ ಕೊಡುವ ಯಂತ್ರದ ಮುಂದೆ ನೂರಹತ್ತು ಜನ ನಿಂತರೆ ಕಾರ್ಖಾನೆ ಮತ್ತೆ ಶುರುವಾಗುವಾಗ ಊಟದ ಹೊತ್ತಾಗಿರುತ್ತದೆ.

ಮೂರನೇ ವಾರದಲ್ಲೇ ರೈಲು ಹಿಡಿದು ಸೂರತ್ತಿಗೆ ಹೋದೆ. ವರಾಛಾದ ನಮ್ಮ ಶಾಖೆಯ ಸುತ್ತ ವಜ್ರಕ್ಕೆ ಪಾಲಿಶ್ ಮಾಡುವ ಕಾರ್ಖಾನೆಗಳು. ಅವರ ಕಂಪ್ರೆಸರ್‌ಗಳಿಗೆ ವಾಲ್ವ್ ಒದಗಿಸುವುದು ಅಲ್ಲಿನ ವ್ಯವಹಾರ. ನಾನು ಕೂತಿದ್ದ ಹೊತ್ತಿಗೇ ಒಂದೇ ಮನೆತನದ ಐದು ಜನ ಗಿರಾಕಿಗಳು ಒಟ್ಟಿಗೆ ಬಂದರು. ಶಾಖೆಯ ಮುಖ್ಯಸ್ಥ ಭರತ್‌ಭಾಯ್ ಹೊಸ ಯಂತ್ರ ತೋರಿಸುವ ಉತ್ಸಾಹದಲ್ಲಿ ತಾವೇ ಎದ್ದು ಮೊದಲ ಕಪ್ ತಂದು ಹಿರಿಯರ ಮುಂದೆ ಇಟ್ಟರು. ಹಿರಿಯರು ಮುಟ್ಟಲಿಲ್ಲ. ಎಲ್ಲರಿಗೂ ಬರಲಿ ಎಂದು ಕಾದರು. ಎರಡನೆಯದು ಬಂತು, ಮೂರನೆಯದು ಬಂತು. ನಾಲ್ಕನೆಯದಕ್ಕೆ ನೀರಿನ ಟ್ಯಾಂಕ್ ಖಾಲಿಯಾಗಿ ಕೆಂಪು ದೀಪ ಹತ್ತಿತು. ಐದನೆಯದು ಬರುವಷ್ಟರಲ್ಲಿ ಮೊದಲನೆಯದು ತಣ್ಣಗಾಗಿತ್ತು.

ಹಿರಿಯರು ಕಪ್ಪನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಭರತ್, ಚಾ ತರಿಸಪ್ಪ," ಎಂದರು.

ಕೆಳಗಿನ ಅಂಗಡಿಯಿಂದ ಎರಡೇ ನಿಮಿಷದಲ್ಲಿ ಚಹಾ ಬಂತು, ಮಾತು ಕುದುರಿತು, ಆರ್ಡರೂ ಬಂತು. ಎಲ್ಲರೂ ಒಟ್ಟಿಗೆ ಕೂತು ಕುಡಿಯುವ ಊರಿಗೆ ಒಬ್ಬರಿಗಾಗಿ ಮಾಡಿದ ಯಂತ್ರ ಹೊಂದುವುದಿಲ್ಲ ಎಂದು ನಾನು ರೈಲಿನಲ್ಲೇ ಬರೆದುಕೊಂಡೆ.

ಮೂರನೇ ವಾರದ ಕೊನೆಗೆ ಹೋದ ಅಹಮದಾಬಾದಿನ ಕಥೆ ಬೇರೆಯೇ ಇತ್ತು. ಬೋಡಕ್‌ದೇವ್ ಕಚೇರಿಯಲ್ಲಿ ಏಳು ಜನ ಎಂಜಿನಿಯರುಗಳು. ಪ್ಯಾಂಟ್ರಿ ಇಲ್ಲ. ಬರುವ ಗಿರಾಕಿ ಒಬ್ಬರೋ ಇಬ್ಬರೋ. ಅಲ್ಲಿ ಧಾರವಾಡದ ವಿದ್ಯಾ ಎಂಬ ಹುಡುಗಿ ಸೇಲ್ಸ್ ಎಂಜಿನಿಯರ್ ಆಗಿದ್ದಳು. ನನ್ನ ಜೊತೆ ಕನ್ನಡ ಮಾತಾಡುವ ಅವಕಾಶ ಸಿಕ್ಕರೆ ಅವಳು ಬಿಡುತ್ತಿರಲಿಲ್ಲ.

"ಮೇಡಂ, ಈ ಮಶೀನ್ ಬರೂಕಿಂತ ಮೊದ್ಲ ನಾವು ನಾಲ್ಕ್ ಮಂದಿ ದಿನಾ ಕಾಫಿ ಕುಡ್ಯಾಕ ಹೊರಗ ಹೋಗ್ತಿದ್ವಿ. ಹೋಗಿ ಬರೂದಕ್ಕ ಅರ್ಧ ತಾಸು ಬೇಕ್ರಿ," ಎಂದಳು. "ಖರೇ ಹೇಳ್ಬೇಕಂದ್ರ, ಒಮ್ಮೊಮ್ಮೆ ಮುಕ್ಕಾಲು ತಾಸು."

ನಾಲ್ಕು ಜನರ ಅರ್ಧರ್ಧ ಗಂಟೆ ಎಂದರೆ ದಿನಕ್ಕೆ ಎರಡು ಗಂಟೆಯ ಕೆಲಸ. ಅವಳು ನನಗಾಗಿ ಒಂದು ಹಾಳೆಯಲ್ಲಿ ದಿನವೂ ಗೆರೆ ಎಳೆದು ಲೆಕ್ಕ ಇಟ್ಟಿದ್ದಳು. ಮೊದಲ ವಾರ ದಿನಕ್ಕೆ ಹದಿನಾರು ಕಪ್, ಎರಡನೇ ವಾರ ಹದಿನೈದು, ಮೂರನೇ ವಾರ ಮತ್ತೆ ಹದಿನಾರು. ನನಗೆ ಬೇಕಾಗಿದ್ದು ಆ ಇಳಿಯದ ಸಂಖ್ಯೆ. ನಮ್ಮ ವೃತ್ತಿಯಲ್ಲಿ 'ಟೋಟಲ್ ಕಾಸ್ಟ್ ಆಫ್ ಓನರ್‌ಶಿಪ್' ಎಂಬ ಮಾತಿದೆ. ಒಂದು ವಸ್ತುವಿನ ಬೆಲೆ ಎಂದರೆ ಕೊಂಡ ದಿನ ಕೊಟ್ಟ ಹಣ ಮಾತ್ರವಲ್ಲ, ಅದು ನಮ್ಮಲ್ಲಿ ಇರುವಷ್ಟು ದಿನ ತಿನ್ನುವುದು ಮತ್ತು ಉಳಿಸುವುದು ಎಲ್ಲ ಸೇರಿ ಎಂದರ್ಥ. ಆ ಲೆಕ್ಕದಲ್ಲಿ ನಲವತ್ತೈದು ರೂಪಾಯಿಯ ಕಾಫಿ ಬೋಡಕ್‌ದೇವ್‌ನಲ್ಲಿ ಅಗ್ಗ, ಮಕರ್‌ಪುರಾದಲ್ಲಿ ದುಬಾರಿ.

ವರದಿ ಸಿದ್ಧವಾಯಿತು. ಅಹಮದಾಬಾದಿಗೆ ಒಂದು ಯಂತ್ರ, ಸೂರತ್ತಿಗೂ ವಡೋದರಾಕ್ಕೂ ಬೇಡ, ಪ್ಯಾಂಟ್ರಿ ಗುತ್ತಿಗೆ ಮುಂದುವರಿಯಲಿ. ಕಳಿಸುವ ಮೊದಲು ಕೋಕಿಲಾಬೆನ್‌ಗೆ ಸುದ್ದಿ ಹೇಳೋಣ ಎಂದು ಪ್ಯಾಂಟ್ರಿಗೆ ಹೋದೆ. ಒಳ್ಳೆಯ ಕೆಲಸ ಮಾಡಿದ ಹೆಮ್ಮೆ ಇತ್ತು, ಮುಚ್ಚಿಡುವುದೇಕೆ.

"ಕೋಕಿಲಾಬೆನ್, ಆ ಯಂತ್ರ ಇಲ್ಲಿಗೆ ಬರಲ್ಲ. ನಾನು ಬೇಡ ಅಂತ ಬರೆದಿದ್ದೀನಿ."

ಅವರ ಮುಖ ಅರಳಲಿಲ್ಲ. ಒಲೆಯ ಉರಿ ತಗ್ಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು, "ಬಂದಿದ್ರೆ ಚೆನ್ನಾಗಿತ್ತು ಬೆನ್," ಎಂದರು.

ನಾನು ತಬ್ಬಿಬ್ಬಾದೆ. ಅವರು ಬಲಗೈಯನ್ನು ಮೇಲೆತ್ತಿ ತೋರಿಸಿದರು. ಅದು ಭುಜದ ಮಟ್ಟಕ್ಕೆ ಬಂದು ನಿಂತಿತು, ಮುಂದೆ ಹೋಗಲಿಲ್ಲ. ಹನ್ನೆರಡು ಲೀಟರ್ ಕುದಿಯುವ ಚಹಾದ ಪಾತ್ರೆಯನ್ನು ದಿನಕ್ಕೆ ಎರಡು ಸಲ ಒಲೆಯಿಂದ ಇಳಿಸಿ ಅವರ ಭುಜ ಹಿಡಿದುಹೋಗಿತ್ತು. ಎಂಟು ತಿಂಗಳಿಂದ ರಾತ್ರಿ ಆ ಮಗ್ಗುಲಿಗೆ ಮಲಗಲಾಗುತ್ತಿರಲಿಲ್ಲವಂತೆ. ಯಾರಿಗೂ ಹೇಳಿರಲಿಲ್ಲ. ಯಂತ್ರ ಬಂದರೆ ಪಾತ್ರೆ ಎತ್ತುವುದು ತಪ್ಪುತ್ತದೆ, ಕಪ್ ತೊಳೆದುಕೊಂಡು, ಊಟದ ಕೋಣೆ ನೋಡಿಕೊಂಡು ಇರಬಹುದು ಎಂದು ಅವರು ಆಸೆ ಇಟ್ಟುಕೊಂಡಿದ್ದರು.

ಯಂತ್ರದ ಜೊತೆ ಗುತ್ತಿಗೆಯೂ ಹೋಗುತ್ತಿತ್ತು ಎಂಬುದನ್ನು ನಾನು ಹೇಳಬೇಕಾಯಿತು. ಅವರು ಸ್ಟೂಲಿನ ಮೇಲೆ ಕೂತರು. "ನನಗೆ ಕೆಲಸ ಬೇಕು ಬೆನ್. ಆ ಪಾತ್ರೆ ಬೇಡ," ಎಂದರು.

ಮೂರು ಊರುಗಳಲ್ಲಿ ಕಪ್ ಎಣಿಸಿದ್ದೆ, ನಿಮಿಷ ಎಣಿಸಿದ್ದೆ. ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ಇವರನ್ನು ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು. ಆದರೆ ಕೂತು ಕೊರಗುವ ಸ್ವಭಾವ ನನ್ನದಲ್ಲ. ಅಂದೇ ಮಧ್ಯಾಹ್ನ ನಾಲ್ಕು ಅಂಗಡಿಗಳಿಗೆ ಫೋನ್ ಮಾಡಿದೆ. ಕಟ್ಟೆಯ ಮೇಲೆ ಕೂರುವ, ಕೆಳಗೆ ನಲ್ಲಿಯಿರುವ ಹದಿನೈದು ಲೀಟರಿನ ವಿದ್ಯುತ್ ಚಹಾ ಬಾಯ್ಲರ್ ಒಂಬತ್ತೂವರೆ ಸಾವಿರಕ್ಕೆ ಸಿಗುತ್ತಿತ್ತು. ಅದನ್ನು ಎತ್ತಬೇಕಿಲ್ಲ, ಇಳಿಸಬೇಕಿಲ್ಲ. ನಲ್ಲಿ ತಿರುಗಿಸಿದರೆ ಚಹಾ. ಜೊತೆಗೆ ಚಕ್ರದ ಟ್ರಾಲಿ ಒಂದು. ವರದಿಯನ್ನು ತಿದ್ದಿ ಬರೆದೆ.

ಮರುವಾರ ನೀರವ್‌ಭಾಯ್ ಪ್ರವಾಸ ಮುಗಿಸಿ ವಡೋದರಾಕ್ಕೆ ಬಂದರು. ವರದಿ ಓದಿ ಹುಬ್ಬೇರಿಸಿದರು. "ನಾನು ಕಾಫಿ ಯಂತ್ರ ಕೇಳಿದೆ. ನೀವು ಚಹಾ ಬಾಯ್ಲರ್ ಕೊಡ್ತಿದ್ದೀರಿ. ಗುತ್ತಿಗೆಯಲ್ಲಿ ಉಳಿಯುತ್ತೆ ಅಂದುಕೊಂಡಿದ್ದ ಹಣ ಎಲ್ಲಿ ಹೋಯ್ತು?"

"ಅದು ಉಳಿತಾಯ ಆಗಿರಲೇ ಇಲ್ಲ," ಎಂದೆ. "ಹತ್ತು ಜನರಿಗೆ ಕಾಫಿ ಕೊಟ್ಟು, ನೂರು ಜನರನ್ನು ಗೇಟಿನ ಹೊರಗೆ ಚಹಾಕ್ಕೆ ಕಳಿಸ್ತೀರಿ. ಅವರು ಹದಿನೈದು ನಿಮಿಷದಲ್ಲಿ ವಾಪಸ್ ಬರಲ್ಲ."

ಹತ್ತೂವರೆ ಆಗುತ್ತಾ ಬಂದಿತ್ತು. ಅವರನ್ನು ಪ್ಯಾಂಟ್ರಿಗೆ ಕರೆದುಕೊಂಡು ಹೋದೆ. ಕೋಕಿಲಾಬೆನ್ ಪಾತ್ರೆಗೆ ಬಟ್ಟೆ ಸುತ್ತಿ, ಎಡಗೈಗೆ ಭಾರ ಕೊಟ್ಟು, ಹಲ್ಲು ಕಚ್ಚಿ ಎತ್ತಲು ಹೊರಟಿದ್ದರು. ನೀರವ್‌ಭಾಯ್ ಮುಂದೆ ಹೋಗಿ, "ಬಿಡಿ ಮಾಸಿ, ನಾನು ಇಳಿಸ್ತೀನಿ," ಎಂದು ಕೈ ಹಾಕಿದರು. ಮೂವತ್ತೊಂದರ ಗಟ್ಟಿಮುಟ್ಟು ಆಳು. ಆವಿ ಮುಖಕ್ಕೆ ಹೊಡೆದು, ಚಹಾ ತುಳುಕಿ ಅಂಗಿಯ ತೋಳು ನೆನೆಯಿತು. ಪಾತ್ರೆ ಕೆಳಗಿಟ್ಟ ಮೇಲೆ ಅವರು ಮಣಿಕಟ್ಟು ತಿಕ್ಕಿಕೊಳ್ಳುತ್ತಾ ಕೇಳಿದ್ದು ಒಂದೇ ಪ್ರಶ್ನೆ. "ದಿನಕ್ಕೆ ಎಷ್ಟು ಸಲ?"

"ಎರಡು," ಎಂದರು ಕೋಕಿಲಾಬೆನ್.

ವರದಿಗೆ ಸಹಿ ಬಿತ್ತು. ಗುತ್ತಿಗೆ ಮುಂದುವರಿಯಿತು. ಬಾಯ್ಲರ್ ಬಂದ ಮೇಲೆ ಕೋಕಿಲಾಬೆನ್ ಇಎಸ್‌ಐ ಆಸ್ಪತ್ರೆಯಲ್ಲಿ ಮೂರು ತಿಂಗಳು ಫಿಸಿಯೋಥೆರಪಿ ಮಾಡಿಸಿಕೊಂಡರು. ಕೈ ಪೂರ್ತಿ ಮೇಲೇಳದಿದ್ದರೂ ತಲೆ ಬಾಚಿಕೊಳ್ಳುವಷ್ಟಾಯಿತು. ಬೋಡಕ್‌ದೇವ್‌ನ ಯಂತ್ರ ವಾರಂಟಿ ಮುಗಿದ ಮೇಲೆ ಕೆಟ್ಟಾಗ, ಅಲ್ಲಿನವರು ನನ್ನನ್ನು ಕೇಳುವ ಮೊದಲೇ ಅಂಥದೇ ಇನ್ನೊಂದಕ್ಕೆ ಅರ್ಜಿ ಬರೆದಿದ್ದರು. ನನ್ನ ಲೆಕ್ಕ ಸರಿಯಿತ್ತು ಎಂಬುದಕ್ಕೆ ನನಗೆ ಅಷ್ಟು ಸಾಕು.

ಅಲ್ಲಿಯವರೆಗೆ ನಾನು ಪ್ರತಿಯೊಂದು ಖರೀದಿಗೂ ಬಳಸುತ್ತಿದ್ದ ಫಾರ್ಮಿನಲ್ಲಿ ಹದಿನೇಳು ಕಾಲಂಗಳಿದ್ದವು. ಬೆಲೆ, ವಾರಂಟಿ, ಬಿಡಿಭಾಗ, ಪೂರೈಕೆದಾರ ಎಲ್ಲಕ್ಕೂ ಜಾಗವಿತ್ತು. ಆ ವರ್ಷ ನಾನು ಹದಿನೆಂಟನೆಯದನ್ನು ಸೇರಿಸಿದೆ: ಇದಕ್ಕೆ ದಿನವೂ ಕೈ ಹಾಕುವವರು ಯಾರು, ಅವರನ್ನು ಕೇಳಿದ್ದೀರಾ? ಅದು ಖಾಲಿಯಿದ್ದ ಯಾವ ಫೈಲಿಗೂ ನಿವೃತ್ತಳಾಗುವವರೆಗೆ ನಾನು ಸಹಿ ಹಾಕಲಿಲ್ಲ.